ಉಳಿಕೆಯ ಹಾಳೆ ಓದುವ ಉಮ್ಸುನೈ ಎಜೆ

ನಾವೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಉಮ್ಸುನೈ ನಡೆಯುವಾಗ ಅವರ ಎಡಗೈ ಸುಮ್ಮನೆ ಇರುವುದಿಲ್ಲ. ಗೋಡೆ ಇದ್ದರೆ ಗೋಡೆಯನ್ನು, ಬೇಲಿ ಇದ್ದರೆ ಬೇಲಿಯನ್ನು ಸವರುತ್ತಾ ಹೋಗುತ್ತದೆ. ಏನೂ ಇಲ್ಲದ ಬಯಲಿನಲ್ಲಾದರೆ ಬೆರಳುಗಳು ಅರ್ಧ ಮಡಿಚಿಕೊಂಡು ಕಾಣದ ಹಗ್ಗವೊಂದರ ಮೇಲೆ ಜಾರುತ್ತಿರುತ್ತವೆ. ಗೊತ್ತಿಲ್ಲದವರು ನೋಡಿದರೆ ಕಣ್ಣು ಮಂಜಾಗಿದೆಯೇನೋ ಅಂದುಕೊಳ್ಳುತ್ತಾರೆ. ಅವರ ಕಣ್ಣಿಗೆ ಏನೂ ಆಗಿಲ್ಲ. ಇಪ್ಪತ್ತಾರು ವರ್ಷ ಅವರು ಕೀಜಿಲ್-ಬೆಲ್ ಕಣಿವೆದಾರಿಯ ನೆತ್ತಿಯಲ್ಲಿದ್ದ ಹವಾಮಾನ ಠಾಣೆಯಲ್ಲಿ ವೀಕ್ಷಕಿಯಾಗಿದ್ದರು. ಮೂರು ಗಂಟೆಗೊಮ್ಮೆ ಮನೆಯಿಂದ ಎದ್ದು ಉಷ್ಣಮಾಪಕದ ಪೆಟ್ಟಿಗೆಯವರೆಗೆ ಹೋಗಿ ಅಂಕಿ ಬರೆದುಕೊಂಡು ಬರಬೇಕು. ಹಿಮಗಾಳಿ ಎದ್ದಾಗ ಆ ನಲವತ್ತು ಹೆಜ್ಜೆಯನ್ನು ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದೇ ನಡೆಯಬೇಕು. ಕಣಿವೆಯ ಮೇಲಿನ ಠಾಣೆ ಮುಚ್ಚಿ ಎಷ್ಟೋ ವರ್ಷವಾಯಿತು, ಹಗ್ಗ ಕೊಳೆತುಹೋಯಿತು. ಕೈಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಠಾಣೆಯವರು ಕೊಟ್ಟಿದ್ದ ಹತ್ತಿ ತುಂಬಿದ ನೀಲಿ ಕೋಟನ್ನು ಅವರು ಈಗಲೂ ತೊಡುತ್ತಾರೆ. ಗಂಡಸರ ಅಳತೆಯದು, ತೋಳನ್ನು ಮೂರು ಸಲ ಮಡಿಚಿದರೂ ಉಗುರಿನವರೆಗೆ ಇಳಿಯುತ್ತದೆ. ನಮ್ಮ ಕಚೇರಿಯ ಮುಖ್ಯಸ್ಥರಾದ ಮೆಡೆರ್ ಬೈಕೆ, ಅಂದರೆ ಮೆಡೆರಣ್ಣ, ಅದನ್ನು ಕಂಡಾಗಲೆಲ್ಲ ಕೆಣಕುತ್ತಿದ್ದರು.

"ಎಜೆ, ಒಳಗೂ ಹಿಮ ಬೀಳುತ್ತಾ?"

"ನಿನ್ನ ಕಚೇರಿಯ ಬಿಸಿ ವರದಿಯಲ್ಲಿದೆ ಮೆಡೆರ್, ನನ್ನ ಬಿಸಿ ಮೈಮೇಲಿದೆ. ನೀನು ವರದಿ ಹೊದ್ಕೊಂಡು ಕೂತ್ಕೋ."

ನಮ್ಮದು ಬೆಟ್ಟಗಳ ನಡುವಿನ ಸಣ್ಣ ಪಟ್ಟಣದ ಆರೋಗ್ಯ ಕಚೇರಿ. ಒಟ್ಟು ನಲವತ್ತಮೂರು ಹಳ್ಳಿ, ಅದರಲ್ಲಿ ಒಂಬತ್ತು ಕಣಿವೆಯಾಚೆ. ನವೆಂಬರಿನಲ್ಲಿ ಕಣಿವೆಯ ದಾರಿ ಮುಚ್ಚಿದರೆ ಮತ್ತೆ ತೆರೆಯುವುದು ಏಪ್ರಿಲಿನಲ್ಲಿ. ಅದಕ್ಕೆ ಮುಂಚೆ ಒಂದು ಲಾರಿ ಆ ಒಂಬತ್ತು ಹಳ್ಳಿಗೂ ಇಡೀ ಚಳಿಗಾಲದ ಔಷಧಿ ಹೊತ್ತು ಹೋಗುತ್ತದೆ. ಯಾರಿಗೆ ಏನು, ಎಷ್ಟು ಎಂಬುದನ್ನು ಉಗ್ರಾಣದವರು ಕೇಂದ್ರದ ಡೇಟಾಬೇಸ್ ನೋಡಿ ತುಂಬುತ್ತಾರೆ. ಅಲ್ಲಿ ಹೆಸರಿದ್ದವನಿಗೆ ಪೆಟ್ಟಿಗೆ ಹೋಗುತ್ತದೆ, ಇಲ್ಲದವನಿಗೆ ಹೋಗುವುದಿಲ್ಲ. ಹಳ್ಳಿಯ ದಾದಿಯರು ಕಳಿಸುವ ಕೋಷ್ಟಕಗಳನ್ನು ಶುಚಿಮಾಡಿ ಆ ಡೇಟಾಬೇಸಿಗೆ ಸೇರಿಸುವುದು ಉಮ್ಸುನೈ ಎಜೆಯ ಕೆಲಸ. ಎರಡು ವರ್ಷದ ಹಿಂದೆ, ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ, ನನಗೆ ಅವರ ಪಕ್ಕದ ಮೇಜು ಸಿಕ್ಕಿತು.

ಶುಚಿ ಎಂದೆ. ಆ ಮಾತಿನಲ್ಲಿ ಎಷ್ಟು ಕಸ ಅಡಗಿದೆಯೆಂದು ಕೋಷ್ಟಕ ನೋಡದವರಿಗೆ ತಿಳಿಯದು. ನಲವತ್ತಮೂರು ಹಳ್ಳಿಗೆ ನಲವತ್ತಮೂರು ಶಾಸ್ತ್ರ. ಒಬ್ಬಳು ಹುಟ್ಟಿದ ದಿನವನ್ನು ತಿಂಗಳಿಂದ ಶುರುಮಾಡುತ್ತಾಳೆ, ಇನ್ನೊಬ್ಬಳು ವರ್ಷದಿಂದ, ಮತ್ತೊಬ್ಬಳು 'ಕುರಿಯ ವರ್ಷ, ಮೊದಲ ಹುಲ್ಲು ಬಂದಾಗ' ಎಂದು ಬರೆದು ಕೈತೊಳೆದುಕೊಳ್ಳುತ್ತಾಳೆ. ಫೋನ್ ಸಂಖ್ಯೆ ತುಂಬುವ ಮನೆಯಲ್ಲಿ 'ಫೋನು ಹೊಳೆಗೆ ಬಿತ್ತು' ಎಂದಿರುತ್ತದೆ. ಹದಿನಾಲ್ಕು ಅಂಕಿಯ ಗುರುತಿನ ಸಂಖ್ಯೆ ಇಕ್ಕಟ್ಟಾದ ಮನೆಯಲ್ಲಿ ಕುಗ್ಗಿಹೋಗಿ, ಉಳಿಸುವಾಗ ಬಾಲದ ಅಂಕಿಗಳೆಲ್ಲ ಸೊನ್ನೆಯಾಗಿರುತ್ತವೆ. ಒಬ್ಬ ದಾದಿಯಂತೂ ಚೆಂದ ಕಾಣಲಿ ಎಂದು ಮನೆಗಳನ್ನು ಎರಡೆರಡು, ಮೂರುಮೂರು ಕೂಡಿಸಿ, ಕೆಂಪು ಹಸಿರು ತುಂಬಿ ಕಳಿಸಿದ್ದಳು. ಎಜೆ ಅದನ್ನು ಬಹಳ ಹೊತ್ತು ನೋಡಿ, "ಎಂಥ ಒಳ್ಳೆ ಶಿರ್ಡಾಕ್" ಎಂದರು. ಶಿರ್ಡಾಕ್ ಎಂದರೆ ನಮ್ಮ ಮನೆಗಳ ಬಣ್ಣದ ಉಣ್ಣೆಯ ನೆಲಹಾಸು. "ಹಾಸ್ಕೊಂಡು ಮಲಗಬಹುದು. ಓದೋಕೆ ಮಾತ್ರ ಆಗಲ್ಲ."

ಮೊದಲು ಇದನ್ನೆಲ್ಲ ಐದು ಜನ ಕೂತು ಎರಡು ವಾರ ಕೈಯಿಂದ ತಿದ್ದುತ್ತಿದ್ದರಂತೆ. ಎಜೆ ಬಂದ ಮರುವರ್ಷ, ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಅವರು ಕಲಿತ ರೀತಿಯೂ ಅವರದೇ. ಪ್ರತಿಯೊಂದು ಸಾಲನ್ನೂ ಮೊದಲು ಠಾಣೆಯ ಉಳಿದ ದಿನಚರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಜೋರಾಗಿ ಓದಿ, ಅರ್ಥವಾಯಿತೆಂದು ತಮಗೆ ತಾವೇ ತಲೆಯಾಡಿಸಿದ ಮೇಲಷ್ಟೇ ಯಂತ್ರಕ್ಕೆ ಉಣಿಸುವುದು. ಹಾಗೆ ಎರಡು ಚಳಿಗಾಲ ಉಣಿಸಿದ್ದರ ಫಲ, ಐದು ಜನರ ಎರಡು ವಾರ ಇಪ್ಪತ್ತು ನಿಮಿಷವಾಯಿತು.

ಆ ಪ್ರೋಗ್ರಾಮಿಗೆ ಅವರು ಇಟ್ಟ ಹೆಸರು ಸೊಸೆ. ನಮ್ಮಲ್ಲಿ ಹೊಸ ಸೊಸೆ ಎಲ್ಲರಿಗಿಂತ ಮೊದಲು ಎದ್ದು ಮನೆ ಗುಡಿಸಬೇಕು. ಬೆಳಿಗ್ಗೆ ಬಂದವರೇ ಕೋಟಿನ ತೋಳು ಹಿಂದೆ ಸರಿಸಿ ಗುಂಡಿ ಒತ್ತಿ, "ಏಳಮ್ಮ ಸೊಸೆ, ಬೆಳಗಾಯ್ತು" ಎನ್ನುತ್ತಿದ್ದರು. ಪ್ರೋಗ್ರಾಮಿನಲ್ಲಿ ನೂರಾರು ನಿಯಮಗಳು. ಪ್ರತಿ ನಿಯಮದ ಮೇಲೂ ಒಂದು ಟಿಪ್ಪಣಿ, ಅದು ಯಾವ ಹಳ್ಳಿಯ ಯಾವ ದಾದಿಯ ಯಾವ ತೊಂದರೆಯಿಂದ ಹುಟ್ಟಿತೆಂದು. ಓದುತ್ತಾ ಹೋದರೆ ಇಡೀ ಜಿಲ್ಲೆಯ ದಾದಿಯರ ಸ್ವಭಾವ ಅದರಲ್ಲಿದೆ. ಮೂಲ ಕೋಷ್ಟಕಕ್ಕೆ ಮಾತ್ರ ಅವರು ಎಂದೂ ಕೈ ಹಚ್ಚುತ್ತಿರಲಿಲ್ಲ. ನಕಲು ತೆಗೆದು ನಕಲನ್ನೇ ತಿದ್ದಬೇಕು. "ನಾವು ತಪ್ಪಿದಾಗ ವಾಪಸ್ ಹೋಗೋಕೆ ಒಂದು ಮನೆ ಬೇಕಲ್ಲ ಮಗು" ಎಂದಿದ್ದರು ಮೊದಲ ದಿನ. 'ತಪ್ಪಿದರೆ' ಎನ್ನಲಿಲ್ಲ, 'ತಪ್ಪಿದಾಗ' ಎಂದರು. ಹೊಸದಾಗಿ ಕೆಲಸಕ್ಕೆ ಕೂತವರಿಗೆ ಆ ಒಂದು ಮಾತು ಎಷ್ಟು ದೊಡ್ಡ ಆಸರೆಯೆಂದು ನಾನು ಈಗಲೂ ನೆನೆಯುತ್ತೇನೆ.

ಅವರ ಹಟದ ಅಭ್ಯಾಸವೊಂದಿತ್ತು. ಕಚೇರಿಗೆಲ್ಲ ಅದು ತಲೆನೋವು. ಸೊಸೆಗೆ ಅರ್ಥವಾಗದೆ ತಳ್ಳಿಬಿಟ್ಟ ಸಾಲುಗಳೆಲ್ಲ ಬೇರೊಂದು ಹಾಳೆಗೆ ಹೋಗಿ ಬೀಳುತ್ತಿದ್ದವು. ಖಾಲಿ ಸಾಲು, ಎರಡು ಸಲ ಬಂದ ತಲೆಬರಹ, ಒಟ್ಟು ಮೊತ್ತ, ಯಾರದೋ ಮಗು ಒತ್ತಿದ ಅಕ್ಷರಗಳು. ಎಜೆ ಅದಕ್ಕೆ ಉಳಿಕೆಯ ಹಾಳೆ ಎನ್ನುತ್ತಿದ್ದರು. ಡೇಟಾಬೇಸಿಗೆ ಸೇರಿಸುವ ಮೊದಲು ಆ ಹಾಳೆಯನ್ನು ಅಚ್ಚು ಹಾಕಿಸಿ, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಬೇಕು. ಕಣ್ಣಲ್ಲಿ ಓದಿದರೆ ನಡೆಯದು. "ಕಣ್ಣು ಹಾರುತ್ತೆ, ನಾಲಿಗೆ ಹಾರಲ್ಲ" ಎಂಬುದು ಅವರ ಸಮರ್ಥನೆ.

ಇದರ ಬೇರು ಠಾಣೆಯಲ್ಲೇ ಇತ್ತು. ಕೊನೆಯ ವರ್ಷಗಳಲ್ಲಿ ಅಲ್ಲಿಗೆ ತಾನಾಗಿಯೇ ಅಳೆಯುವ ಯಂತ್ರ ಬಂತು. ಅಳತೆ ತೀರ ವಿಪರೀತ ಕಂಡರೆ ಅದು ತಪ್ಪೆಂದು ತಾನೇ ಅಳಿಸಿಬಿಡುವ ಜಾಣ ಯಂತ್ರ. ಒಂದು ಜನವರಿಯಲ್ಲಿ ಮೂರು ದಿನ ಅದರ ದಾಖಲೆ ಖಾಲಿ ಇತ್ತು. ಎಜೆ ಹಳೆಯ ಗಾಜಿನ ಮಾಪಕ ನೋಡಿದರೆ ಸೊನ್ನೆಯ ಕೆಳಗೆ ನಲವತ್ತೇಳು. ಕೆಳಗಿನ ಹಳ್ಳಿಗಳಿಗೆ ಎಚ್ಚರಿಕೆ ಹೋಗುವಷ್ಟರಲ್ಲಿ ಕುದುರೆಗಳ ಒಂದು ಹಿಂಡು ನಿಂತಲ್ಲೇ ಸತ್ತಿತ್ತು. "ಯಂತ್ರ ಸುಳ್ಳು ಹೇಳಲಿಲ್ಲ" ಎಂದು ಈ ಕತೆ ಹೇಳುವಾಗ ಅವರು ಯಾವಾಗಲೂ ಯಂತ್ರದ ಪರ ವಹಿಸುತ್ತಿದ್ದರು. "ಅದು ನಂಬಲಿಲ್ಲ, ಅಷ್ಟೆ. ಅದು ನಂಬದೇ ಇದ್ದದ್ದನ್ನ ಯಾರಾದ್ರೂ ನೋಡಬೇಕಿತ್ತು. ನಾನು ಮೂರು ದಿನ ತಡ ಮಾಡಿದೆ."

ಕಳೆದ ಶರತ್ಕಾಲದಲ್ಲಿ ನಾನೂ ಸೊಸೆಗೆ ಒಂದು ನಿಯಮ ಬರೆದೆ. ನನ್ನ ಮೊದಲ ನಿಯಮ. ಕೆಲವು ದಾದಿಯರು ಹೆಸರಿನ ಕಂಬಸಾಲಿನಲ್ಲಿ ನಡುನಡುವೆ 'ಮೇಲಿನ ಬೀದಿ', 'ಹೊಳೆಯಾಚೆಯ ಮನೆಗಳು' ಎಂದು ಉಪಶೀರ್ಷಿಕೆ ಹಾಕುತ್ತಿದ್ದರು. ಸೊಸೆ ಅವನ್ನೂ ಮನುಷ್ಯರೆಂದು ತಿಳಿದು ನಾಗರಿಕರ ಪಟ್ಟಿಯಲ್ಲಿ ಹುಡುಕಿ ಒದ್ದಾಡುತ್ತಿದ್ದಳು. ಹೆಸರಿನ ಕಂಬದಲ್ಲಿ ಮನೆ, ಬೀದಿ, ಆಚೆ, ಈಚೆ ಎಂಬ ಮಾತು ಕಂಡರೆ ಅದು ಶೀರ್ಷಿಕೆ, ಹುಡುಕದೆ ಪಕ್ಕಕ್ಕಿಡು ಎಂಬುದು ನನ್ನ ನಿಯಮ. ನಾಲ್ಕು ದಿನ ಪರೀಕ್ಷಿಸಿದೆ. ಎಜೆ ಓದಿ, "ಚೆನ್ನಾಗಿದೆ" ಎಂದು ಅದರ ಮೇಲಿನ ಟಿಪ್ಪಣಿಯಲ್ಲಿ ನನ್ನ ಹೆಸರು ಬರೆದರು.

ಆ ವರ್ಷ ಹಿಮ ಬೇಗ ಬಂತು. ನವೆಂಬರ್ ಎಂಟರ ಬೆಳಿಗ್ಗೆ, ಮರುದಿನವೇ ಕಣಿವೆ ಮುಚ್ಚಬಹುದೆಂಬ ಸೂಚನೆ ಬಂದು, ಲಾರಿ ಅಂದೇ ಹೊರಡುವುದೆಂದಾಯಿತು. ಉಗ್ರಾಣದವರು ಮಧ್ಯಾಹ್ನ ಹನ್ನೆರಡಕ್ಕೆ ಡೇಟಾಬೇಸಿನಿಂದ ಪಟ್ಟಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಸೇರಿಸಿದ್ದು ಏಪ್ರಿಲಿಗೆ. ಕಣಿವೆಯಾಚೆಯ ಕೊನೆಯ ಕೋಷ್ಟಕ, ಜಾಂಗಿ-ತಾಶ್ ಹಳ್ಳಿಯದು, ಹತ್ತು ಗಂಟೆಗೆ ಬಂದು ಮುಟ್ಟಿತು. ಹತ್ತೂ ಇಪ್ಪತ್ತಕ್ಕೆ ಸೊಸೆ ಗುಡಿಸಿ ಮುಗಿಸಿದಳು. ಒಂಬತ್ತು ಹಳ್ಳಿಗೆ ಸೇರಿ ಉಳಿಕೆಯ ಹಾಳೆಯಲ್ಲಿ ಇನ್ನೂರ ಹನ್ನೆರಡು ಸಾಲು.

ಮೆಡೆರ್ ಬೈಕೆ ಟೊಪ್ಪಿಗೆ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತರು.

"ಒತ್ತಿ ಎಜೆ, ಒತ್ತಿಬಿಡಿ. ಲಾರಿ ಎಂಜಿನ್ ಬಿಸಿಯಾಗ್ತಿದೆ."

"ಓದಿ ಒತ್ತುತೀನಿ."

"ಅಲ್ಲ, ಸೊಸೆ ಇಪ್ಪತ್ತು ನಿಮಿಷದಲ್ಲಿ ಗುಡಿಸಿದ್ದನ್ನ ಅತ್ತೆ ಇಡೀ ದಿನ ಕೆದಕಿದ್ರೆ ಆ ಸೊಸೆ ಯಾಕೆ ಬೇಕಿತ್ತು?"

"ಅತ್ತೆ ಕೆದಕ್ತಾಳೆ ಅಂತಾನೇ ಸೊಸೆ ಧೈರ್ಯವಾಗಿ ಗುಡಿಸೋದು. ನೀನು ಆ ಬಾಗಿಲು ಹಾಕು, ಚಳಿ."

ಅವರು ಓದಲು ತೊಡಗಿದರು. ನಾನು ಇನ್ನೊಂದು ಪ್ರತಿಯಲ್ಲಿ ಬೆರಳಿಟ್ಟು ಗೀಟು ಹಾಕುತ್ತಾ ಹೋದೆ. "ಒಟ್ಟು ಐವತ್ತೆಂಟು. ಖಾಲಿ. ಖಾಲಿ. ಮೇಲಿನ ಬೀದಿ. ಖಾಲಿ." ಹನ್ನೊಂದು ಗಂಟೆ ದಾಟಿತು. ಜಾಂಗಿ-ತಾಶ್ ಬಂತು. "ದೊಡ್ಡ ಮನೆಯವರು. ಹೊಳೆಯಾಚೆಯವರು. ಈಚೆ ಮನೆಯ ಹಿರಿಯರು. ಬಿಳಿ ಕುದುರೆ ಮನೆಯವರು." ನನ್ನ ನಿಯಮ ಚೆನ್ನಾಗಿ ದುಡಿದಿದೆಯೆಂದು ನಾನು ಒಳಗೊಳಗೇ ಹಿಗ್ಗುತ್ತಾ ಗೀಟು ಹಾಕಿದೆ. ಎಜೆಯ ಧ್ವನಿ ನಿಂತಿತು.

"ಬಿಳಿ ಕುದುರೆ ಮನೆಯವರು, ಹುಟ್ಟಿದ ವರ್ಷ ಸಾವಿರದ ಒಂಬೈನೂರ ಎಪ್ಪತ್ತೊಂದು, ಇನ್ಸುಲಿನ್" ಎಂದು ಆ ಸಾಲನ್ನು ಕೊನೆಯವರೆಗೂ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಮಗು, ಬೀದಿಗೆ ಹುಟ್ಟಿದ ವರ್ಷ ಇರುತ್ತಾ?"

ಗೀಟು ಹಾಕಿದ್ದ ಆ ಸಾಲಿಗೆ ನಾನು ಬೆರಳನ್ನು ಹಿಂದಕ್ಕೆ ತಂದೆ.

"ಬೀದಿಗೆ ಸಕ್ಕರೆ ಕಾಯಿಲೆ ಬರುತ್ತಾ?"

ಮೆಡೆರ್ ಬೈಕೆ ಹಾಳೆ ಇಣುಕಿ ಕೈಬೀಸಿದರು. "ಯಾರೋ ತಮಾಷೆ ಮಾಡಿದಾರೆ ಎಜೆ. ಬಿಳಿ ಕುದುರೆ ಅಂತೆ! ಬಿಟ್ಹಾಕಿ."

ಅಂಥ ಸಾಲುಗಳು ಹನ್ನೊಂದು ಇದ್ದವು. ಗುರುತಿನ ಸಂಖ್ಯೆಗಳ ಬಾಲವೆಲ್ಲ ಸೊನ್ನೆಯಾಗಿತ್ತು, ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ. ನಾನು ಆ ಕಂಬವೊಂದನ್ನೇ ನೋಡಿ ನಿಯಮ ಬರೆದಿದ್ದೆ. ಸಾಲಿನ ಉಳಿದ ಭಾಗದಲ್ಲಿ ಹನ್ನೊಂದು ಜನರ ವಯಸ್ಸೂ ಕಾಯಿಲೆಯೂ ಕೂತಿದ್ದವು. ಇನ್ಸುಲಿನ್ ಬೇಕಾದವನಿಗೆ ಏಪ್ರಿಲ್ ಎಷ್ಟು ದೂರವೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಎಜೆ ಮಾತ್ರ ನಗುತ್ತಿದ್ದರು. "ಈ ದಾದಿ ಆ ಊರಿನ ಸೊಸೆ ಕಣ್ರೋ" ಎಂದರು. "ಗಂಡನ ಕಡೆ ಹಿರಿಯರ ಹೆಸರು ಬಾಯಲ್ಲಿ ತರೋ ಹಾಗಿಲ್ಲ. ನಾನು ಮೂವತ್ತು ವರ್ಷ ನಮ್ಮ ಮಾವನ್ನ 'ಒಲೆ ಹತ್ತಿರದವರು' ಅಂತ ಕರೀತಿದ್ದೆ. ಬಾಯಲ್ಲಿ ತರದೇ ಇರೋದನ್ನ ಅವಳು ಬೆರಳಲ್ಲೂ ತಂದಿಲ್ಲ."

ಫೋನು ಮಾಡಿದರು. ಮೂರನೆಯ ಸಲಕ್ಕೆ ಸಿಕ್ಕಿತು. ದಾದಿಯ ಹೆಸರು ಜಿಬೆಕ್. ಧ್ವನಿ ಕೇಳಿದರೆ ಇಪ್ಪತ್ತೈದರೊಳಗಿನವಳು.

"ಜಿಬೆಕ್, ಬಿಳಿ ಕುದುರೆ ಮನೆಯವರ ಹೆಸರೇನಮ್ಮ?"

ಆ ಕಡೆಯಿಂದ ಪಿಸುಮಾತು. "ಎಜೆ... ಅವರು ನಮ್ಮ ಭಾವ."

"ಗೊತ್ತಾಯ್ತು. ಹೆಸರು?"

"ಅಯ್ಯೋ ಎಜೆ, ಹೇಗೆ ಹೇಳಲಿ. ನಮ್ಮ ಮಾವ ಇಲ್ಲೇ ಚಹಾ ಕುಡೀತಾ ಕೂತಿದಾರೆ."

"ಕೂತಿದಾರಾ? ಒಳ್ಳೇದಾಯ್ತು. ಫೋನು ಅವರ ಕೈಗೆ ಕೊಡು."

ಗಡಿಯಾರ ಹನ್ನೊಂದೂ ಇಪ್ಪತ್ತೈದು ತೋರಿಸುತ್ತಿತ್ತು. ಫೋನಿನಿಂದ ಕಿವಿ ಕೆಪ್ಪಾದವರ ದೊಡ್ಡ ದನಿಯೊಂದು ಕೋಣೆಯನ್ನೆಲ್ಲ ತುಂಬಿತು.

"ಯಾರದು? ಸರ್ಕಾರಾನಾ?"

"ಹೌದು ಅತಾ" ಎಂದರು ಎಜೆ, ಅಜ್ಜನನ್ನು ಕರೆಯುವ ಹಾಗೆ. "ನಿಮ್ಮ ಸೊಸೆ ನಿಮ್ಮನ್ನೆಲ್ಲ ಮನೆ, ಕುದುರೆ ಅಂತ ಬರ್ದಿದಾಳೆ. ನಮಗೆ ಹೆಸರು ಬೇಕು."

"ಮತ್ತೆ? ಹೆಸರು ಬರೆಯೋಕೆ ಅವಳೇನು ಹಿರಿಯರಿಲ್ಲದ ಮನೇಲಿ ಬೆಳೆದವಳಾ? ಒಳ್ಳೆ ಹುಡುಗಿ ಅವಳು!" ಮುದುಕರ ಹೆಮ್ಮೆ ನಮಗೆ ಇಲ್ಲಿಗೇ ಕಾಣುವಂತಿತ್ತು. "ನನ್ನ ಹೆಸರು ನಾನೇ ಹೇಳ್ತೀನಿ, ಬರ್ಕೋ. ನನಗೇನು ನಾಚಿಕೆ, ನಾನೇನು ನನ್ನ ಸೊಸೆನಾ? ಕಾಸಿಮಾಲಿ. ನನ್ನಪ್ಪ ದೂಲಾತ್, ಅವರಪ್ಪ ಬೋರ್ಕೊ, ಅವರಪ್ಪ..."

"ಅತಾ, ಏಳು ತಲೆಮಾರು ಬೇಡ, ಲಾರಿ ಹೊರಡುತ್ತೆ. ಒಂದೊಂದು ತಲೆ ಸಾಕು. ಬಿಳಿ ಕುದುರೆ ಯಾರದು?"

"ನನ್ನ ದೊಡ್ಡ ಮಗನದು. ಇಮಾನ್‌ಕುಲ್. ಕುದುರೆ ಸತ್ತು ಆರು ವರ್ಷ ಆಯ್ತು. ಈಗಿರೋದು ಕಂದು."

"ಕುದುರೆ ಬಣ್ಣ ಆಮೇಲೆ ತಿದ್ದೋಣ ಅತಾ. ಮುಂದೆ?"

ಹೀಗೆ ಹನ್ನೊಂದು ಹೆಸರು. ಎಜೆ ಪ್ರತಿ ಹೆಸರನ್ನೂ ತಿರುಗಿ ಹೇಳಿ ಹೌದೆನ್ನಿಸಿಕೊಳ್ಳುತ್ತಿದ್ದರು. ನಾನು ಬೆರಳಚ್ಚು ಮಾಡಿ ಹುಟ್ಟಿದ ವರ್ಷದ ಜೊತೆ ನಾಗರಿಕರ ಪಟ್ಟಿಯಲ್ಲಿ ಹೊಂದಿಸುತ್ತಿದ್ದೆ. ಬಾಗಿಲಲ್ಲಿದ್ದ ಮೆಡೆರ್ ಬೈಕೆ ಯಾವಾಗಲೋ ಟೊಪ್ಪಿಗೆ ತೆಗೆದು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಒಂದೊಂದು ಹೆಸರು ಹೊಂದಿದಾಗಲೂ ಅವರ ಉಸಿರು ಕೇಳುತ್ತಿತ್ತು. ಹನ್ನೊಂದೂ ಐವತ್ತಕ್ಕೆ ಜಾಂಗಿ-ತಾಶ್‌ನ ಹೆಸರುಗಳು ಮುಗಿದವು. ಉಳಿಕೆಯ ಹಾಳೆಯಲ್ಲಿ ಇನ್ನೂ ಮೂವತ್ತು ಸಾಲಿತ್ತು. ಎಜೆ ಅವನ್ನೂ ಓದಿದರು. ಈ ಸಲ ಮೆಡೆರ್ ಬೈಕೆಯೂ ಜೊತೆಗೂಡಿ, ಇಬ್ಬರೂ ಅರ್ಧರ್ಧ ಹಂಚಿಕೊಂಡು, ಪ್ರಾರ್ಥನೆ ಹೇಳುವವರ ಹಾಗೆ ಓದಿದರು. ಖಾಲಿ. ಖಾಲಿ. ಒಟ್ಟು ತೊಂಬತ್ತೊಂದು. ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಗುಂಡಿ ಒತ್ತಿದರು.

ಇನ್ಸುಲಿನ್ ಹೆಪ್ಪುಗಟ್ಟದಂತೆ ಉಣ್ಣೆಯ ಹಾಸಿನಲ್ಲಿ ಸುತ್ತಿ ಚಾಲಕನ ಕಾಲ ಬಳಿ ಇಟ್ಟರೆಂದು ಆಮೇಲೆ ತಿಳಿಯಿತು. ಮರುದಿನ ಸಂಜೆ ಕಣಿವೆ ಮುಚ್ಚಿತು.

ನಾನು ಆ ಮಧ್ಯಾಹ್ನ ಉಂಡಿರಲಿಲ್ಲ. ನನ್ನ ನಿಯಮವನ್ನು ಅಳಿಸಲು ತೆರೆದು ಕೂತಿದ್ದೆ. ಎಜೆ ಹುರಿದ ಹಿಟ್ಟಿನ ಉಪ್ಪುಚಹಾದ ಬಟ್ಟಲನ್ನು ನನ್ನ ಮುಂದಿಟ್ಟು, "ಅದನ್ನ ಅಳಿಸಬೇಡ" ಎಂದರು. "ಒಳ್ಳೆ ನಿಯಮ. ನೂರ ಮೂವತ್ತು ಬೀದಿನ ಸರಿಯಾಗಿ ಹಿಡಿದಿದೆ. ಅದಕ್ಕೆ ಒಂದೇ ಕಣ್ಣು, ಇನ್ನೊಂದು ಕೊಡು." ಹುಟ್ಟಿದ ವರ್ಷ ಇದ್ದರೆ ಅದು ಬೀದಿಯಲ್ಲ, ತಳ್ಳಬೇಡ, ಕೇಳು ಎಂದು ನಾನು ಸೇರಿಸಿದೆ. ಟಿಪ್ಪಣಿಯಲ್ಲಿ ನನ್ನ ಹೆಸರಿನ ಪಕ್ಕ ಅವರು ಜಿಬೆಕ್‌ಳ ಹೆಸರನ್ನೂ ಬರೆದರು. ನನ್ನ ತಪ್ಪು ಎಷ್ಟು ದೊಡ್ಡದೆಂದು ಅವರು ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅದು ನನಗೆ ಗೊತ್ತಿದೆಯೆಂಬುದು ಅವರಿಗೆ ಗೊತ್ತಿತ್ತು.

ದಾದಿಯರ ಮೇಲೂ ಅವರು ಸುತ್ತೋಲೆ ಹೊರಡಿಸಲಿಲ್ಲ. ಹೆಸರು ಬರೆಯದಿದ್ದರೆ ಕ್ರಮ ಕೈಗೊಳ್ಳಲಾಗುವುದು ಎಂದು ಮೆಡೆರ್ ಬೈಕೆ ಬರೆದು ತಂದ ಕಾಗದವನ್ನು ಓದಿ, "ಇದನ್ನ ನಿನ್ನ ಹೆಂಡತಿಗೆ ಮೊದಲು ಓದಿ ಹೇಳು" ಎಂದು ಹಿಂದಿರುಗಿಸಿದರು. ಅದು ಮತ್ತೆ ಬರಲಿಲ್ಲ. ಅದರ ಬದಲು ಕೋಷ್ಟಕಕ್ಕೆ ಒಂದು ಕಂಬ ಹೆಚ್ಚಾಯಿತು, 'ಊರಲ್ಲಿ ಕರೆಯುವುದು' ಎಂದು. ಯಾವ ಹಳ್ಳಿಯಲ್ಲಿ ಯಾರು ಬಿಳಿ ಕುದುರೆ, ಯಾರು ದೊಡ್ಡ ಮನೆ ಎಂಬ ಪಟ್ಟಿಯೊಂದು ಸೊಸೆಯ ಬಳಿ ಈಗ ಇದೆ. ಅವಳು ಕಂಡ ಕೂಡಲೇ ಗುರುತು ಹಿಡಿಯುತ್ತಾಳೆ. ಯಾವ ಸೊಸೆಯೂ ಯಾವ ಹಿರಿಯರ ಹೆಸರನ್ನೂ ಹೇಳಬೇಕಾಗಿಲ್ಲ.

ಏಪ್ರಿಲ್ ಕೊನೆಯಲ್ಲಿ ಕಣಿವೆ ತೆರೆದ ಮೇಲೆ ಒಬ್ಬ ಮನುಷ್ಯ ಕಚೇರಿಗೆ ಬಂದ. ಮುಖದ ಚರ್ಮ ಹಿಮದ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಮೈಯಿಂದ ಕುದುರೆಯ ವಾಸನೆ. ಬಾಗಿಲಲ್ಲಿ ನಿಂತು, ಯಾರನ್ನು ನೋಡಬೇಕೆಂದು ತಿಳಿಯದೆ, ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಅಪ್ಪ ಹೋಗಿ ಬಾ ಅಂದ್ರು. ಫೋನಿನ ಎಜೆ ಯಾರು ಇಲ್ಲಿ?"

"ನಾನೇ. ನೀನು?"

"ಇಮಾನ್‌ಕುಲ್."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಆ ಮಾತು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದದ್ದಿರಬೇಕು, ಆದರೆ ಅವನು ಟೊಪ್ಪಿಗೆಯನ್ನೇ ಮತ್ತೊಂದು ಸುತ್ತು ತಿರುಗಿಸಿದ. ಎಜೆ ಅವನನ್ನು ಆ ಕಷ್ಟದಿಂದ ಪಾರುಮಾಡಿದರು.

"ಗುರುತಿನ ಪಾಸ್‌ಪೋರ್ಟ್ ತಂದಿದೀಯಾ? ಕೊಡಿಲ್ಲಿ. ನಿಮ್ಮೂರ ಕೋಷ್ಟಕದಲ್ಲಿ ನಿನ್ನ ಸಂಖ್ಯೆಯ ಕೊನೇ ಐದು ಅಂಕಿ ಇನ್ನೂ ಸೊನ್ನೆಯಾಗೇ ಇದೆ. ಕೂತ್ಕೋ, ಚಹಾ ಕುಡಿ. ಮಗು, ನೀನು ಬರಿ, ನಾನು ಓದ್ತೀನಿ."

ಅವನು ಕೂತು ಚಹಾ ಕುಡಿದ. ಅವರು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು, ನಾನು ಬರೆದೆ. ಬಟ್ಟಲು ಹಿಡಿದ ಅವನ ಕೈ, ದಪ್ಪ ಬೆರಳುಗಳು, ಉಗುರಿನ ಸಂದಿಯ ಮಣ್ಣು, ಎಲ್ಲವೂ ನನಗೆ ಒಂದು ಮೊಳ ದೂರದಲ್ಲಿ ಕಾಣುತ್ತಿದ್ದವು. ನಾನು ಶೀರ್ಷಿಕೆಯೆಂದು ಗೀಟು ಹಾಕಿದ್ದ ಮನುಷ್ಯ ಎರಡನೆಯ ಬಟ್ಟಲು ಕೇಳಿದ. ಸಕ್ಕರೆ ಬೇಡವೆಂದ.

ಉಮ್ಸುನೈ ಎಜೆಯಂಥವರು ಯಂತ್ರಕ್ಕೆ ಹೆದರುವವರಲ್ಲ. ಅದರಿಂದ ಹಗುರವಾಗುವ ಕೆಲಸವನ್ನು ಅವರು ಕೃತಜ್ಞತೆಯಿಂದಲೇ ಅದರ ಕೈಗೆ ಕೊಡುತ್ತಾರೆ. ಅವರಿಗೂ ಮಿಕ್ಕವರಿಗೂ ವ್ಯತ್ಯಾಸ ಕಾಣುವುದು ಆಮೇಲೆ, ಉಳಿದ ಹೊತ್ತನ್ನು ಏನು ಮಾಡುತ್ತಾರೆ ಎಂಬಲ್ಲಿ. ಐದು ಜನರ ಎರಡು ವಾರ ಉಳಿಯಿತೆಂದರೆ ನಾವೆಲ್ಲ ಅದನ್ನು ನಮ್ಮದೆಂದುಕೊಳ್ಳುತ್ತೇವೆ. ಈ ಬಗೆಯ ಜನ ಅದನ್ನು ಯಂತ್ರಕ್ಕೆ ಅರ್ಥವಾಗದೆ ಹೋದವರ ಪಾಲೆಂದು ತಿಳಿಯುತ್ತಾರೆ. ಸರಿಹೊಂದಿದ ಸಾವಿರ ಸಾಲು ತಮ್ಮ ದಾರಿ ತಾವು ಹಿಡಿದು ಹೋಗುತ್ತವೆ. ಹೊಂದದ ಹನ್ನೊಂದರ ಬಳಿ ಯಾರಾದರೂ ಕೂರಬೇಕು, ಯಾಕೆ ಹೊಂದಲಿಲ್ಲ ಮಗು ಎಂದು ಕೇಳಬೇಕು. ಹಾಗೆ ಕೇಳುವವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಒಬ್ಬರ ಪಕ್ಕದ ಮೇಜು ನನಗೆ ಸಿಕ್ಕಿತು, ಅದು ನನ್ನ ಪುಣ್ಯ.